ಮಿತಾಕ್ಷರೆಯ ನಾಡಿನಲ್ಲಿ ಕಾಯಿದೆಯ ವಿದ್ಯೆ

ವಿದ್ಯೆಗಳಲ್ಲಿ ಕೆಲವು ಊರ ಬಾಗಿಲಿಗೆ ತಾವೇ ಬರುವವು. ಕೆಲವನ್ನು ಬುತ್ತಿ ಕಟ್ಟಿಕೊಂಡು ಅರಸುತ್ತ ಹೋಗಬೇಕಾಗುವದು. ಹುಬ್ಬಳ್ಳಿ-ಧಾರವಾಡಗಳ ಮಟ್ಟಿಗೆ ಕಾಯಿದೆಯ ವಿದ್ಯೆಯು ಬಹುಕಾಲ ಈ ಎರಡನೆಯ ಬಗೆಯದಾಗಿತ್ತು. ಇಂದು ಈ ಎರಡೂ ಊರುಗಳ ನಡುವೆ, ನವನಗರದಲ್ಲಿ, ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ನೆಲೆ ನಿಂತಿದೆ. ಚಿಗರಿ ಬಸ್ಸಿನಿಂದ ನವನಗರದಲ್ಲಿ ಇಳಿದು, ಪುಸ್ತಕದ ಚೀಲವನ್ನು ಹೆಗಲಿಗೇರಿಸಿ ನಡೆಯುವ ತರುಣ-ತರುಣಿಯರಿಗೆ, ತಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇದೇ ಪದವಿಗಾಗಿ ಎಷ್ಟು ದೂರ ಹೋಗಬೇಕಾಗುತ್ತಿತ್ತೆಂಬದು ಮನಸ್ಸಿಗೆ ಹೊಳೆಯುವದು ಕಠಿಣ. ಆ ದೂರವನ್ನು ಅಳೆದು ನೋಡುವದೇ ಈ ಲೇಖದ ಉದ್ದೇಶವು. ಆದರೆ ದೂರವು ಎರಡು ಬಗೆಯಾಗಿರುತ್ತದೆ. ಊರಿನಿಂದ ಊರಿಗೆ ಇರುವ ದೂರವೊಂದು. ಮಾತಿನಿಂದ ಮಾತಿಗೆ ಇರುವ ದೂರವಿನ್ನೊಂದು. ಮೊದಲನೆಯದು ನೂರೈವತ್ತು ವರುಷಗಳಲ್ಲಿ ಬಹಳ ಮಟ್ಟಿಗೆ ಅಳಿದುಹೋಗಿದೆ. ಎರಡನೆಯದು ಎಷ್ಟು ಅಳಿದಿದೆಯೆಂಬದನ್ನು ಸುಜ್ಞ ವಾಚಕರು ಕೊನೆಯಲ್ಲಿ ತಾವೇ ನಿರ್ಣಯಿಸಬಹುದು.

ಮೊದಲು ಹಿಂದಿನ ಕಾಲದ ಕಡೆಗೆ ದೃಷ್ಟಿಯನ್ನು ಹೊರಳಿಸೋಣ. ಕಲ್ಯಾಣದಿಂದ ನಾಡನ್ನಾಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನವನ್ನು ರಚಿಸಿದನು. ಮಿತವಾದ ಅಕ್ಷರಗಳುಳ್ಳದ್ದೆಂಬ ಅರ್ಥದಿಂದ ಅದಕ್ಕೆ ಮಿತಾಕ್ಷರಾ ಎಂಬ ಹೆಸರು ಬಂದಿತು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣಪುರವನ್ನೂ ಅಲ್ಲಿಯ ಅರಸನನ್ನೂ ತುಂಬು ಮನಸ್ಸಿನಿಂದ ಕೊಂಡಾಡಿದ್ದಾನೆ. ಕನ್ನಡ ನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಗ್ರಂಥವು ಮುಂದೆ ಬಂಗಾಲವೊಂದನ್ನುಳಿದು ಭರತಖಂಡದ ಬಹುಭಾಗದಲ್ಲಿ ಹಿಂದೂಗಳ ದಾಯವಿಭಾಗಕ್ಕೆ ಪ್ರಮಾಣವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವದೆಂಬದು ಮಿತಾಕ್ಷರೆಯ ಮತ. ತಂದೆಯ ಮರಣಾನಂತರವೇ ಬರುವದೆಂಬದು ಬಂಗಾಲದ ಜೀಮೂತವಾಹನನ ದಾಯಭಾಗದ ಮತ. ಈ ಒಂದು ಭೇದದಿಂದ ಎಷ್ಟು ಮನೆತನಗಳ ಹೊಲ-ಮನೆಗಳ ಹಣೆಬರಹವು ನಿರ್ಣಯವಾಯಿತೆಂಬದನ್ನು ಎಣಿಸುವದು ಅಸಾಧ್ಯ.

ನಮ್ಮ ಇಂದಿನ ವಿಷಯಕ್ಕೆ ಆ ಗ್ರಂಥದ ಎರಡು ಮಾತುಗಳು ಬಹಳ ಉಪಯುಕ್ತವಾಗಿವೆ. ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಸ್ಮೃತಿಕಾರರು ಹೇಳುವರು. ವಾದಿಯು ತನ್ನ ಹೇಳಿಕೆಯನ್ನು ಬರೆಯಿಸುವದು ಮೊದಲನೆಯದು, ಪ್ರತಿವಾದಿಯ ಉತ್ತರವು ಎರಡನೆಯದು, ಪತ್ರ, ಅನುಭೋಗ, ಸಾಕ್ಷಿಗಳೆಂಬ ಪ್ರಮಾಣಗಳನ್ನು ಮುಂದಿಡುವದು ಮೂರನೆಯದು, ನಿರ್ಣಯವು ನಾಲ್ಕನೆಯದು. ಇಂದಿನ ದಿವಾಣಿ ಕೋರ್ಟಿನಲ್ಲಿ ಫಿರ್ಯಾದಿ, ಕೈಫಿಯತ್ತು, ಸಾಕ್ಷಿ-ಪುರಾವೆ, ಹುಕುಮನಾಮೆ ಎಂದು ಕರೆಯಲ್ಪಡುವವುಗಳೂ ಈ ನಾಲ್ಕೇ ಅಲ್ಲವೆ? ಗೆದ್ದವನ ಕೈಯಲ್ಲಿ ಕೊಡುವ ಪತ್ರಕ್ಕೆ ಆ ಕಾಲದಲ್ಲಿ ಜಯಪತ್ರವೆಂಬ ಚೆಲುವಾದ ಹೆಸರಿತ್ತು. ಎರಡನೆಯ ಮಾತು ಇದಕ್ಕಿಂತಲೂ ಮಹತ್ವದ್ದು. ಜನರು ತಮ್ಮ ತಮ್ಮೊಳಗೆ ಮಾಡಿಕೊಳ್ಳುವ ಸಾಲಪತ್ರ ಮೊದಲಾದವುಗಳಲ್ಲಿ ಶುದ್ಧ ಸಂಸ್ಕೃತ ಶಬ್ದಗಳೇ ಇರತಕ್ಕದ್ದೆಂಬ ನಿಯಮವಿಲ್ಲ, ಅವರವರ ದೇಶಭಾಷೆಯಲ್ಲಿಯೇ ಬರೆಯಬಹುದೆಂದು ವಿಜ್ಞಾನೇಶ್ವರನು ಹೇಳುತ್ತಾನೆ. ಸಂಸ್ಕೃತದಲ್ಲಿ ಬರೆಯುತ್ತಿದ್ದ ಪಂಡಿತನಿಗೂ, ಋಣ ಕೊಟ್ಟವನು ಮತ್ತು ತೆಗೆದುಕೊಂಡವನು ತಾವು ಬರೆದದ್ದನ್ನು ತಿಳಿಯಬೇಕೆಂಬ ವಿಚಾರವಿತ್ತೆಂಬದು ಇದರಿಂದ ಸ್ಪಷ್ಟವಾಗುವದು.

ಇಂಥ ಶಾಸ್ತ್ರವನ್ನು ಕಲಿಯಲು ಆಗಿನ ವಿದ್ಯಾರ್ಥಿಯು ನಾಡು ಬಿಟ್ಟು ಹೋಗಬೇಕಾಗಿರಲಿಲ್ಲ. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಅಲ್ಲಿ ಕಲಿಸಲ್ಪಡುತ್ತಿದ್ದ ವಿದ್ಯೆಗಳನ್ನು ಹೆಸರಿಸುವಾಗ ವ್ಯಾಕರಣ, ದರ್ಶನ, ಪುರಾಣ, ಕಾವ್ಯಗಳ ಸಾಲಿನಲ್ಲಿ ಧರ್ಮಶಾಸ್ತ್ರಗಳನ್ನೂ ಹೇಳುತ್ತದೆ. ಅಗ್ರಹಾರಗಳೂ ಮಠಗಳೂ ಇದ್ದಲ್ಲಿಯೇ ವಿದ್ಯೆಯಿತ್ತು. ಆದರೆ ಆ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬದನ್ನೂ ಮರೆಯಲಾಗದು. ದೂರವು ಊರಿನದಾಗಿರದಿದ್ದರೂ ಜಾತಿಯದಾಗಿತ್ತು, ಲಿಂಗದ್ದಾಗಿತ್ತು. ಹಳೆಯದನ್ನು ಹೊಗಳುವಾಗ ಈ ಮಾತನ್ನು ಬಚ್ಚಿಡುವದು ಇತಿಹಾಸಕ್ಕೆ ಮಾಡಿದ ಅಪಚಾರವಾದೀತು.

೧೮೧೮ರಲ್ಲಿ ಪೇಶ್ವೆಗಳ ಆಳಿಕೆಯು ಮುಗಿದು ಧಾರವಾಡದ ಸೀಮೆಯು ಇಂಗ್ಲಿಷರ ಸ್ವಾಧೀನವಾಯಿತು. ಮುಂಬಯಿ ಇಲಾಖೆಯ ಗವರ್ನರನಾಗಿದ್ದ ಎಲ್‌ಫಿನ್‌ಸ್ಟನ್ನನ ಕಾಲದಲ್ಲಿ ೧೮೨೭ರ ನಿಬಂಧನೆಗಳು ಹೊರಟವು. ಸರಕಾರದ ಶಾಸನವಿಲ್ಲದಲ್ಲಿ ದೇಶಾಚಾರವನ್ನು ನೋಡಬೇಕು. ಅದೂ ದೊರೆಯದಲ್ಲಿ ಪ್ರತಿವಾದಿಯ ಧರ್ಮದ ಕಾಯಿದೆಯನ್ನು ನೋಡಬೇಕು. ಅದೂ ಇಲ್ಲದಲ್ಲಿ ನ್ಯಾಯ ಮತ್ತು ಸದ್ವಿವೇಕಗಳಿಂದ ತೀರ್ಪು ಕೊಡಬೇಕೆಂದು ಅವುಗಳಲ್ಲಿ ಕ್ರಮವನ್ನು ಹಾಕಿಕೊಟ್ಟಿದ್ದಿತು. ಆಗಿನ ನ್ಯಾಯಾಧೀಶರಿಗೆ ಶಾಸ್ತ್ರಾರ್ಥವನ್ನು ಹೇಳಲು ಪಂಡಿತರು ಕೋರ್ಟುಗಳಲ್ಲಿ ಇರುತ್ತಿದ್ದರು. ೧೮೬೪ರಲ್ಲಿ ಆ ಪದ್ಧತಿಯನ್ನು ತೆಗೆದುಹಾಕಲಾಯಿತು. ಅಲ್ಲಿಂದ ಮುಂದೆ ಶಾಸ್ತ್ರವೆಂದರೆ ಅಚ್ಚಾದ ಇಂಗ್ಲಿಷ್ ಅನುವಾದ ಮತ್ತು ಹಿಂದಿನ ತೀರ್ಪುಗಳ ಸಂಪುಟ ಎಂದಾಯಿತು. ಕೋಲ್‌ಬ್ರೂಕನು ಮಿತಾಕ್ಷರೆಯ ದಾಯವಿಭಾಗವನ್ನು ಇಂಗ್ಲಿಷಿಗೆ ತಿರುಗಿಸಿ ೧೮೧೦ರಲ್ಲಿಯೇ ಕಲಕತ್ತೆಯಲ್ಲಿ ಪ್ರಕಟಿಸಿದ್ದನು. ಕಲ್ಯಾಣದಲ್ಲಿ ಹುಟ್ಟಿದ ಶಾಸ್ತ್ರವನ್ನು ಕಲಕತ್ತೆಯಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕದಿಂದ, ಮುಂಬಯಿಯಲ್ಲಿ ಕುಳಿತು ಕನ್ನಡಿಗ ವಿದ್ಯಾರ್ಥಿಯು ಕಲಿಯಬೇಕಾದ ವಿಚಿತ್ರ ಕಾಲವು ಹೀಗೆ ಬಂದಿತು.

ಇತ್ತ ಧಾರವಾಡದ ಕಚೇರಿಗಳಲ್ಲಿ ಮಾತಿನ ಗೊಂದಲವು ಮೊದಲಿನಿಂದಲೂ ಇತ್ತು. ಪೇಶ್ವೆಗಳ ಕಾಲದ ದಫ್ತರದ ಮರಾಠಿಯು ಇಂಗ್ಲಿಷರ ಆಳಿಕೆಯ ಮೊದಲ ದಶಕಗಳಲ್ಲಿಯೂ ಮುಂದುವರಿಯಿತು. ವಕೀಲ, ದಾವೆ, ಜಾಮೀನು, ಹುಕುಮು, ಕೈದಿ ಮುಂತಾದ ಶಬ್ದಗಳು ಪಾರಸಿ-ಅರಬ್ಬಿಗಳಿಂದ ಹೊರಟು ಮರಾಠಿಯ ಮಾರ್ಗವಾಗಿ ಇಲ್ಲಿಯ ಒಕ್ಕಲಿಗನ ನಾಲಗೆಗೆ ಬಂದು ಕನ್ನಡವೇ ಆಗಿಬಿಟ್ಟವು. ಮೇಲಿನ ಕೋರ್ಟಿನಲ್ಲಿ ಇಂಗ್ಲಿಷು, ಕಚೇರಿಯ ಕಾಗದದಲ್ಲಿ ಮರಾಠಿ, ಸಾಕ್ಷಿಯ ಬಾಯಲ್ಲಿ ಕನ್ನಡ, ಹೀಗೆ ಒಂದೇ ಖಟ್ಲೆಯು ಮೂರು ಮಾತುಗಳಲ್ಲಿ ನಡೆಯುವ ಸ್ಥಿತಿಯು ಬಂದಿತ್ತು. ಕನ್ನಡಕ್ಕೆ ಅದರ ನ್ಯಾಯವಾದ ಸ್ಥಾನವು ದೊರೆಯಬೇಕೆಂಬ ಹಂಬಲದಿಂದಲೇ ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತೆಂಬದು ಎಲ್ಲರೂ ಬಲ್ಲ ಸಂಗತಿಯು.

ಮುಂಬಯಿಯಲ್ಲಿ ೧೮೫೫ರಲ್ಲಿ ಕಾಯಿದೆಯ ಪಾಠಗಳು ಆರಂಭವಾಗಿ, ೧೮೫೭ರಲ್ಲಿ ವಿಶ್ವವಿದ್ಯಾಲಯವೂ ೧೮೬೨ರಲ್ಲಿ ಹಾಯಕೋರ್ಟೂ ಸ್ಥಾಪನೆಗೊಂಡವು. ವಕೀಲನಾಗಲು ಎರಡು ದಾರಿಗಳಿದ್ದವು. ಪದವಿಯಿಲ್ಲದೆಯೂ ಹಾಯಕೋರ್ಟಿನವರು ನಡೆಯಿಸುವ ಪರೀಕ್ಷೆಯನ್ನು ದಾಟಿ ಜಿಲ್ಲೆಯ ಕೋರ್ಟುಗಳಲ್ಲಿ ಪ್ಲೀಡರನಾಗುವದು ಒಂದು, ಬಿ. ಎ. ಮುಗಿಸಿ, ಮೇಲೆ ಎಲ್‌ಎಲ್. ಬಿ. ಪದವಿಯನ್ನು ಪಡೆಯುವದು ಇನ್ನೊಂದು. ಎರಡನೆಯ ದಾರಿಯು ಮಾನದ್ದಾಗಿತ್ತು. ಆದರೆ ಬಲು ವೆಚ್ಚದ್ದಾಗಿತ್ತು. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಬಿ. ಎ.ದ ಓದಿಗೂ ಈ ಭಾಗದವರು ಪುಣೆಗೋ ಮುಂಬಯಿಗೋ ಹೋಗಬೇಕಾಗುತ್ತಿತ್ತು. ಹೊಲವನ್ನು ಒತ್ತೆಯಿಟ್ಟು ಹಣ ಕಳಿಸುವ ತಂದೆ, ಪರಸ್ಥಳದಲ್ಲಿ ವಾರದ ಊಟದಿಂದ ದಿನ ಕಳೆಯುವ ಮಗ, ಇವು ಆ ಕಾಲದ ಅನೇಕ ಮನೆತನಗಳ ಕಥೆಯಾಗಿದ್ದವು.

ಆ ಪೀಳಿಗೆಯ ಸ್ವರೂಪವನ್ನು ಸ್ಥಾಲೀಪುಲಾಕ ನ್ಯಾಯದಿಂದ ತಿಳಿಯಬೇಕಾದರೆ ಆಲೂರ ವೆಂಕಟರಾಯರನ್ನು (೧೮೮೦-೧೯೬೪) ನೆನೆದರೆ ಸಾಕು. ವಿಜಾಪುರದಲ್ಲಿ ಹುಟ್ಟಿದ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ. ಎ. ಮಾಡಿ, ಮುಂಬಯಿಯಲ್ಲಿ ಕಾಯಿದೆಯ ಪದವಿಯನ್ನು ಪಡೆದು, ಧಾರವಾಡಕ್ಕೆ ಬಂದು ವಕೀಲಿಯನ್ನು ಆರಂಭಿಸಿದರು. ಆದರೆ ಮುಂದೆ ಆ ವೃತ್ತಿಯನ್ನು ಕೈಬಿಟ್ಟು ನಾಡು-ನುಡಿಗಳ ಸೇವೆಗೆ ನಿಂತರು. ವಾಗ್ಭೂಷಣದ ಸಂಪಾದಕತ್ವವನ್ನು ವಹಿಸಿದರು. ೧೯೧೭ರಲ್ಲಿ ಕರ್ನಾಟಕ ಗತವೈಭವವನ್ನು ಪ್ರಕಟಿಸಿದರು. ಪರಪ್ರಾಂತದಲ್ಲಿ, ಪರಭಾಷೆಗಳ ನಡುವೆ ಕಾಯಿದೆಯನ್ನು ಕಲಿತವರಿಗೇ ತಮ್ಮ ನಾಡು ಚೂರುಚೂರಾಗಿದೆಯೆಂಬ ನೋವು ಹೆಚ್ಚು ತಟ್ಟಿದ್ದು ಆಶ್ಚರ್ಯವಲ್ಲ. ಪುಣೆಯಲ್ಲಿ ೧೯೨೪ರಲ್ಲಿ ಲಾ ಕಾಲೇಜು ಆರಂಭವಾದ ತರುವಾಯ ಅಲ್ಲಿಯೇ ೧೯೨೬ರಲ್ಲಿ ಪದವಿ ಪಡೆದ ಎಸ್. ನಿಜಲಿಂಗಪ್ಪನವರು ಮುಂದೆ ೧೯೫೬ರ ನವಂಬರ ೧ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರುಷ ಓದಿ, ಪುಣೆಯ ಅದೇ ಕಾಯಿದೆಯ ಕಾಲೇಜಿನಲ್ಲಿ ಪದವಿಯನ್ನು ಪಡೆದ ಪ್ರ. ಬಾ. ಗಜೇಂದ್ರಗಡಕರರು ೧೯೬೪ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದರು. ಇಲ್ಲಿಯ ಮಣ್ಣಿನಲ್ಲಿ ಬೀಜವಿತ್ತು. ಫಲವಾಗಲು ಮಾತ್ರ ಹೊರಗೆ ಹೋಗಬೇಕಾಗಿತ್ತೆಂಬದಕ್ಕೆ ಇವು ಸಾಕ್ಷಿಗಳು.

ದೂರವು ಕಡಿಮೆಯಾದದ್ದು ಮೆಟ್ಟಿಲು ಮೆಟ್ಟಿಲಾಗಿ. ೧೯೩೯ರಲ್ಲಿ ಕರ್ನಾಟಕ ಲಾ ಸೊಸಾಯಿಟಿಯವರು ಬೆಳಗಾವಿಯಲ್ಲಿ ಕಾಯಿದೆಯ ಕಾಲೇಜನ್ನು ತೆಗೆದರು. ವಂಟಮುರಿಯ ಸರದೇಸಾಯಿ ರಾಜಾ ಲಖಮಗೌಡರ ಹೆಸರು ಅದಕ್ಕಿದೆ. ಮುಂಬಯಿ ಕರ್ನಾಟಕದ ತರುಣನು ಘಟ್ಟವನ್ನು ದಾಟದೆ ಕಾಯಿದೆಯನ್ನು ಕಲಿಯುವಂತಾದದ್ದು ಅಂದಿನಿಂದ. ೧೯೪೯ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿ, ೧೯೫೦ರಲ್ಲಿ ಮುಂಬಯಿಯಿಂದ ಧಾರವಾಡಕ್ಕೆ ಬಂದಿತು. ಕಾಲಾಂತರದಲ್ಲಿ ಆ ವಿಶ್ವವಿದ್ಯಾಲಯದ ಕಾಯಿದೆಯ ಕಾಲೇಜೇ ಧಾರವಾಡದಲ್ಲಿ ನಡೆಯಹತ್ತಿತು. ಹುಬ್ಬಳ್ಳಿಯ ವಕೀಲರಾಗಿ, ಮುಂಬಯಿ ಸರಕಾರದಲ್ಲಿ ಶಿಕ್ಷಣ ಮಂತ್ರಿಗಳಾಗಿದ್ದ ಸರ್ ಸಿದ್ದಪ್ಪ ಕಂಬಳಿಯವರ ಹೆಸರನ್ನು ಅದಕ್ಕೆ ಇಟ್ಟಿರುವದು ಅತ್ಯಂತ ಉಚಿತವಾಗಿದೆ. ಹುಬ್ಬಳ್ಳಿಯಲ್ಲಿಯೂ ಜೆ. ಎಸ್. ಎಸ್. ಸಕ್ರಿ ಕಾಲೇಜು, ಕೆ. ಎಲ್. ಇ. ಸಂಸ್ಥೆಯ ಗುರುಸಿದ್ದಪ್ಪ ಕೊತಂಬ್ರಿ ಕಾಲೇಜು ಮೊದಲಾದವು ಬೆಳೆದವು. ಕೊನೆಗೆ ೨೦೦೯ರ ಅಧಿನಿಯಮದಿಂದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ನವನಗರದಲ್ಲಿ ಸ್ಥಾಪಿತವಾಗಲು, ಅದುವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ರಾಜ್ಯದ ಕಾಯಿದೆಯ ಕಾಲೇಜುಗಳು ಅದರ ಆಶ್ರಯಕ್ಕೆ ಬಂದವು. ಒಂದು ಕಾಲಕ್ಕೆ ಹುಬ್ಬಳ್ಳಿಯ ಹುಡುಗನು ಪರೀಕ್ಷೆಗಾಗಿ ಮುಂಬಯಿಯ ದಾರಿ ಹಿಡಿಯುತ್ತಿದ್ದನು. ಈಗ ಬೆಂಗಳೂರು, ಮೈಸೂರು, ಮಂಗಳೂರುಗಳ ಕಾಲೇಜುಗಳಲ್ಲಿ ಓದುವವರ ಪ್ರಶ್ನಪತ್ರಿಕೆಯೂ ಪದವಿಯ ಪತ್ರವೂ ಹುಬ್ಬಳ್ಳಿಯಿಂದ ಹೊರಡುತ್ತವೆ. ಚಕ್ರನೇಮಿಕ್ರಮವೆಂದರೆ ಇದೇ.

ಕಲಿಯುವವನಿಗೆ ವಿದ್ಯೆಯು ಸಮೀಪವಾದಂತೆ ಬೇಡುವವನಿಗೆ ನ್ಯಾಯವೂ ಸಮೀಪವಾಗಬೇಕಲ್ಲವೆ? ೧೯೫೬ರವರೆಗೆ ಧಾರವಾಡ ಜಿಲ್ಲೆಯ ಮೇಲ್ಮನವಿಗಳು ಮುಂಬಯಿಗೆ ಹೋಗುತ್ತಿದ್ದವು, ಅನಂತರ ಬೆಂಗಳೂರಿಗೆ. ಎರಡೂ ದೂರವೇ. ಬೆಂಗಳೂರೆಂದರೂ ನಾನೂರು ಕಿಲೋಮೀಟರಿಗೆ ಮಿಕ್ಕಿದ ಪ್ರಯಾಣ. ಬಡ ಪಕ್ಷಕಾರನಿಗೆ ಒಂದು ತಾರೀಖಿನ ವೆಚ್ಚವೆಂದರೆ ಒಂದು ಸುಗ್ಗಿಯ ಉಳಿತಾಯವೇ ಸರಿ. ಈ ಭಾಗದ ವಕೀಲರೂ ನಾಗರಿಕರೂ ದೀರ್ಘಕಾಲ ನಡೆಯಿಸಿದ ಹೋರಾಟದ ಫಲವಾಗಿ ೨೦೦೮ರ ಜುಲೈ ೪ರಂದು ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಆರಂಭವಾಯಿತು. ೨೦೧೩ರಲ್ಲಿ ಅದು ಕಾಯಂ ಪೀಠವಾಯಿತು. ಪೀಠವು ಬಂದ ಮರುವರುಷವೇ ವಿಶ್ವವಿದ್ಯಾಲಯವೂ ಬಂದದ್ದರಿಂದ, ಕಲಿಯುವ ಸ್ಥಳ ಮತ್ತು ವಾದಿಸುವ ಸ್ಥಳಗಳೆರಡೂ ಒಂದೇ ಸೀಮೆಯಲ್ಲಿ ಕೂಡಿದಂತಾಯಿತು.

ಇನ್ನು ಈ ಪದವಿಯ ಓದು ಎಂಥದೆಂಬದನ್ನು ಸಂಕ್ಷೇಪವಾಗಿ ನೋಡುವಾ. ಬೇರೊಂದು ಪದವಿಯನ್ನು ಮುಗಿಸಿ ಬಂದವರಿಗೆ ಮೂರು ವರುಷ, ಅಂದರೆ ಆರು ಸೆಮಿಸ್ಟರುಗಳು. ಪದವಿಪೂರ್ವವನ್ನು ಮುಗಿಸಿ ನೇರವಾಗಿ ಬಂದವರಿಗೆ ಐದು ವರುಷ, ಅಂದರೆ ಹತ್ತು ಸೆಮಿಸ್ಟರುಗಳು. ಕರಾರು, ಅಪಕೃತ್ಯ, ಅಪರಾಧ, ಕುಟುಂಬ, ಆಸ್ತಿ, ಸಂವಿಧಾನ, ಸಾಕ್ಷ್ಯ ಇವು ಮುಖ್ಯ ವಿಷಯಗಳು. ಇವುಗಳ ಜೊತೆಗೆ ಕಾಗದ-ಪತ್ರ ಬರೆಯುವ ಅಭ್ಯಾಸ, ವೃತ್ತಿಯ ನೀತಿ, ರಾಜಿ-ಸಂಧಾನದ ಪದ್ಧತಿ, ಅಣಕು ನ್ಯಾಯಾಲಯದಲ್ಲಿ ವಾದಿಸುವ ರೂಢಿ ಇವೂ ಕಡ್ಡಾಯವಾಗಿವೆ. ಪದವಿ ಪಡೆದರೆ ಸಾಲದು. ೨೦೧೦ರಿಂದ ವಕೀಲರ ಪರಿಷತ್ತಿನವರ ಅಖಿಲ ಭಾರತ ಪರೀಕ್ಷೆಯನ್ನೂ ದಾಟಬೇಕು. ಓದಿದ್ದೂ ಸ್ಥಿರವಾಗಿ ಉಳಿಯುವದಿಲ್ಲ. ೧೮೬೦ರ ದಂಡ ಸಂಹಿತೆಯ ಕಲಮುಗಳನ್ನು ಬಾಯಿಪಾಠ ಮಾಡಿದವರು, ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬರಲು, ಹೊಸ ಅಂಕೆಗಳನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಈ ಓದಿನಲ್ಲಿ ಇಲ್ಲಿಯ ವಿದ್ಯಾರ್ಥಿಗೆ ಎರಡು ಕಡೆ ತನ್ನ ಊರಿನ ದರ್ಶನವಾಗುವದು. ಕುಟುಂಬದ ಕಾಯಿದೆಯನ್ನು ಓದುವಾಗ ವಿಜ್ಞಾನೇಶ್ವರನು ಎದುರಾಗುತ್ತಾನೆ. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಬಂದ ಮೇಲೂ ಮಿತಾಕ್ಷರೆಯ ಅವಿಭಕ್ತ ಕುಟುಂಬವು ಉಳಿದುಕೊಂಡಿತು. ೨೦೦೫ರ ತಿದ್ದುಪಡಿಯು ಹುಟ್ಟಿನಿಂದ ಬರುವ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ವಕೀಲಿ ಮಾಡಲು ಹೆಂಗಸರಿಗೆ ಅಡ್ಡಿಯಿಲ್ಲವೆಂದು ೧೯೨೩ರಲ್ಲಿ ಶಾಸನವಾಗಬೇಕಾಯಿತೆಂಬದನ್ನು ನೆನೆದರೆ, ಇಂದು ನವನಗರದ ತರಗತಿಯಲ್ಲಿ ಕುಳಿತು ಮಿತಾಕ್ಷರೆಯ ಪಾಲನ್ನು ತನ್ನ ಹಕ್ಕೆಂದು ಓದುವ ಹುಡುಗಿಯು ಎಷ್ಟು ದೂರ ನಡೆದು ಬಂದಿದ್ದಾಳೆಂಬದು ತಿಳಿಯುವದು. ಸಂವಿಧಾನವನ್ನು ಓದುವಾಗ ಎದುರಾಗುವವರು ಎಸ್. ಆರ್. ಬೊಮ್ಮಾಯಿಯವರು. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ ಅವರು ಮುಖ್ಯಮಂತ್ರಿಗಳಾಗಿದ್ದಾಗ ೧೯೮೯ರ ಏಪ್ರಿಲದಲ್ಲಿ ಅವರ ಸರಕಾರವನ್ನು ವಜಾ ಮಾಡಲಾಯಿತು. ಅವರು ಹೂಡಿದ ಖಟ್ಲೆಯಲ್ಲಿ ೧೯೯೪ರ ಮಾರ್ಚ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠವು ಕೊಟ್ಟ ತೀರ್ಪಿನಿಂದ, ಸರಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬದು ಸದನದಲ್ಲಿಯೇ ನಿರ್ಣಯವಾಗತಕ್ಕದ್ದೆಂಬ ತತ್ತ್ವವು ದೃಢವಾಯಿತು. ಇಂದು ದೇಶದ ಯಾವ ಮೂಲೆಯಲ್ಲಿ ಕಾಯಿದೆಯನ್ನು ಓದುವವನೂ ಹುಬ್ಬಳ್ಳಿಯ ಈ ವಕೀಲರ ಹೆಸರನ್ನು ಉಚ್ಚರಿಸದೆ ಪರೀಕ್ಷೆಯನ್ನು ದಾಟಲಾರನು.

ಹೀಗೆ ಊರಿನ ದೂರವು ಅಳಿಯಿತು. ಮಾತಿನ ದೂರದ ಗತಿಯೇನು? ಈ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಆಸ್ಪದವಿರುವದು ಸಂತೋಷದ ಸಂಗತಿ. ೧೯೬೩ರ ಅಧಿನಿಯಮದಿಂದ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದೆ. ೨೦೧೯ರಿಂದ ಸರ್ವೋಚ್ಚ ನ್ಯಾಯಾಲಯದ ಆಯ್ದ ತೀರ್ಪುಗಳು ಕನ್ನಡದಲ್ಲಿಯೂ ದೊರೆಯಹತ್ತಿವೆ. ಆದರೆ ಸಂವಿಧಾನದ ೩೪೮ನೆಯ ಅನುಚ್ಛೇದದ ಪ್ರಕಾರ ಮೇಲಿನ ನ್ಯಾಯಾಲಯಗಳ ಭಾಷೆಯು ಇಂಗ್ಲಿಷೇ ಆಗಿರುವದು. ಆದ್ದರಿಂದ ಹಳ್ಳಿಯ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಯು ಎರಡು ಹೊರೆಗಳನ್ನು ಹೊರುತ್ತಾನೆ. ಕಾಯಿದೆಯನ್ನೂ ಕಲಿಯಬೇಕು, ಅದು ಬರೆಯಲ್ಪಟ್ಟ ಭಾಷೆಯನ್ನೂ ಕಲಿಯಬೇಕು. ಕನ್ನಡದಲ್ಲಿ ಬರೆದು ತೇರ್ಗಡೆಯಾದವನು ಪೀಠದ ಮುಂದೆ ನಿಂತಾಗ ನಾಲಗೆ ತಡವರಿಸುವನು. ಇಂಗ್ಲಿಷಿನಲ್ಲಿ ಪಾರಂಗತನಾದವನು ಪಕ್ಷಕಾರನ ಮುಂದೆ ನಿಂತಾಗ ಶಬ್ದಕ್ಕಾಗಿ ತಡಕಾಡುವನು. ಒಬ್ಬನಿಗೆ ಮೇಲಿನ ಮೆಟ್ಟಿಲು ಎಟುಕದು, ಇನ್ನೊಬ್ಬನಿಗೆ ಕೆಳಗಿನ ನೆಲವು ತಾಕದು.

ಇಂಗ್ಲಿಷನ್ನು ಬಿಟ್ಟುಬಿಡಬೇಕೆಂದು ಇದರ ತಾತ್ಪರ್ಯವಲ್ಲ. ಬೊಮ್ಮಾಯಿಯವರ ಖಟ್ಲೆಯ ತೀರ್ಪು ದೇಶಕ್ಕೆಲ್ಲ ಬೆಳಕಾದದ್ದು ಅದು ಎಲ್ಲ ಪ್ರಾಂತಗಳ ನ್ಯಾಯವಾದಿಗಳಿಗೆ ತಿಳಿಯುವ ಭಾಷೆಯಲ್ಲಿದ್ದುದರಿಂದಲೂ ಹೌದು. ವಿಜ್ಞಾನೇಶ್ವರನು ಸಂಸ್ಕೃತದಲ್ಲಿ ಬರೆದದ್ದರಿಂದಲೇ ಮಿತಾಕ್ಷರೆಯು ಕಾಶಿಯವರೆಗೆ ಹೋಯಿತು. ಶಾಸ್ತ್ರಕ್ಕೆ ದೂರ ಹೋಗುವ ಭಾಷೆಯೊಂದು ಬೇಕು. ಆದರೆ ಆ ವ್ಯಾಖ್ಯಾನಕಾರನೇ, ಜನರು ತಮ್ಮ ಪತ್ರವನ್ನು ತಮ್ಮ ಮಾತಿನಲ್ಲಿ ಬರೆದುಕೊಳ್ಳಲೆಂದು ದಾರಿಯನ್ನು ತೆರೆದಿಟ್ಟನಷ್ಟೆ. ಶಾಸ್ತ್ರದ ಮಾತು ಮತ್ತು ಜನದ ಮಾತುಗಳ ನಡುವೆ ಸೇತುವೆಯಾಗುವದೇ ಕಾಯಿದೆ ಕಲಿತವನ ನಿಜವಾದ ಉದ್ಯೋಗ. ಆ ಸೇತುವೆಯನ್ನು ಕಟ್ಟುವ ವಿದ್ಯೆಯನ್ನು ಇಂಗ್ಲಿಷ್ ಪುಸ್ತಕವೊಂದೇ ಕಲಿಸಲಾರದು. ಕನ್ನಡ ಪುಸ್ತಕವೊಂದೇ ಕಲಿಸಲಾರದು. ಎರಡನ್ನೂ ಒಂದೇ ಅಂಗಳದಲ್ಲಿ ಕಲಿಸುವ ಅವಕಾಶವು ನವನಗರಕ್ಕೆ ದೊರೆತಿದೆ.

ನವಲಗುಂದದಿಂದಲೋ ಕಲಘಟಗಿಯಿಂದಲೋ ಬೆಳಗಿನ ಬಸ್ಸು ಹತ್ತಿ ಬಂದ ಒಕ್ಕಲಿಗನು ಕೋರ್ಟಿನ ಜಗಲಿಯ ಮೇಲೆ ಕುಳಿತಿರುವನು. ತೀರ್ಪಿನ ಕಾಗದವು ಅವನ ಕೈಯಲ್ಲಿದೆ. ಅದರಲ್ಲಿ ಅವನ ಹೆಸರಿದೆ, ಅವನ ಹೊಲದ ಸರ್ವೆ ನಂಬರಿದೆ. ಉಳಿದದ್ದೊಂದೂ ಅವನಿಗೆ ತಿಳಿಯದು. ತರುಣ ವಕೀಲನು ಹೊರಗೆ ಬಂದೊಡನೆ ಅವನು ಎದ್ದು ನಿಂತು ಕೇಳುವದು ಒಂದೇ ಮಾತು: "ಸಾಹೇಬ್ರ, ಹೊಲಾ ಉಳೀತೇನ್ರೀ?" ಆ ಪ್ರಶ್ನೆಗೆ ಅವನಿಗೆ ತಿಳಿಯುವ ನಾಲ್ಕು ಮಿತವಾದ ಅಕ್ಷರಗಳಲ್ಲಿ ಸರಿಯಾದ ಉತ್ತರವನ್ನು ಕೊಡಬಲ್ಲವನ ಪದವಿಯೇ ಪದವಿ, ಅವನ ಕೈಯಲ್ಲಿದ್ದ ಕಾಗದವು ಆಗಲೇ ಜಯಪತ್ರವಾಗುವದು.